ಆಶ್ರಿತರ ಹೆಸರಿನಲ್ಲಿ ಪಡೆಯುವ ರಿಯಾಯಿತಿ

ಹೊಳಲ್ಕೆರೆಯ ಒಂದು ಮನೆಯ ಸಂಗತಿಯಿದು, ಹೆಸರು ಬೇಡ. ಹುಟ್ಟಿನಿಂದಲೇ ನಡೆಯಲಾರದ, ಮಾತೂ ಸ್ಪಷ್ಟವಿಲ್ಲದ ಹೆಣ್ಣುಮಗಳೊಬ್ಬಳು ಆ ಮನೆಯಲ್ಲಿದ್ದಾಳೆ. ತಂದೆತಾಯಿಗಳಿಲ್ಲ. ಹಿರಿಯಣ್ಣ ಚಿತ್ರದುರ್ಗದಲ್ಲಿ ಒಳ್ಳೆಯ ಸಂಬಳದ ನೌಕರ. ಕಿರಿಯವನದು ಊರಿನಲ್ಲೇ ಸಣ್ಣ ಅಂಗಡಿ. ಆಕೆಗೆ ಸ್ನಾನ ಮಾಡಿಸುವವಳು, ಹೊತ್ತು ಮುಳುಗುವ ಮುನ್ನ ಉಣಿಸುವವಳು, ರಾತ್ರಿ ಎದ್ದು ಮಗ್ಗುಲು ಬದಲಿಸುವವಳು ಕಿರಿಯವನ ಹೆಂಡತಿ. ಹಿರಿಯಣ್ಣ ಹಬ್ಬಕ್ಕೆ ಬಂದಾಗ ಒಂದಿಷ್ಟು ಹಣ ಕೊಟ್ಟು ಹೋಗುತ್ತಿದ್ದರು.

ತೆರಿಗೆಯ ಲೆಕ್ಕ ಬರೆಯುವವರು ಅವರಿಗೆ, "ತಂಗಿಯ ಹೆಸರಿನಲ್ಲಿ ರಿಯಾಯಿತಿ ಹಾಕಿಕೊಳ್ಳಿ, ಖರ್ಚು ಎಷ್ಟಾದರೂ ಮೊತ್ತ ಒಂದೇ" ಎಂದರಂತೆ. ಇದರಲ್ಲಿ ದೋಷವುಂಟೇ ಎಂದು ಅವರು ನನ್ನಲ್ಲಿ ಕೇಳಿದರು.

ಲೆಕ್ಕದವರು ಹೇಳಿದ್ದು ಅರ್ಧ ನಿಜ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಂತೆ ಅಂಗವಿಕಲ ಆಶ್ರಿತರಿದ್ದವರಿಗೆ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಅದಕ್ಕೂ ಮೀರಿದ್ದರೆ 1,25,000 ರೂಪಾಯಿ, ಆದಾಯದಿಂದ ಕಳೆಯಲ್ಪಡುತ್ತಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ತಿರುಳು ಉಳಿದಿದೆ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಈ ರಿಯಾಯಿತಿಯಿಲ್ಲ. ಹಳೆಯದನ್ನು ಆರಿಸಿಕೊಂಡವರಿಗೆ ಮಾತ್ರ. ಖರ್ಚಿನ ಮೊತ್ತವನ್ನು ಕಾನೂನು ಅಳೆಯುವುದಿಲ್ಲ, ದಿಟ. ಆದರೆ ಆಶ್ರಿತರು ಪೂರ್ಣವಾಗಿ ಇಲ್ಲವೆ ಮುಖ್ಯವಾಗಿ ತನ್ನನ್ನೇ ಅವಲಂಬಿಸಿರಬೇಕೆಂಬ ನಿಬಂಧನೆಯಿದೆ. ಲೆಕ್ಕದವರು ನುಂಗಿದ್ದು ಈ ಅರ್ಧವನ್ನು.

ಶೇಕಡಾ 30ರ ದರದಲ್ಲಿ, ಸೆಸ್ ಸೇರಿ, ವರ್ಷಕ್ಕೆ 39,000 ರೂಪಾಯಿ ಉಳಿಯುತ್ತದೆ. ಹಿರಿಯಣ್ಣನ ವಾದವೂ ಹಗುರವಾದುದಲ್ಲ: "ತಮ್ಮನಿಗೆ ತೆರಿಗೆಯೇ ಬರುವುದಿಲ್ಲ. ನಾನೂ ಬಿಟ್ಟರೆ ಸರ್ಕಾರ ಕೊಡುವುದು ಯಾರಿಗೂ ದಕ್ಕುವುದಿಲ್ಲ. ನಷ್ಟ ಯಾರಿಗೆ?"

ಕಳವೆಂದರೆ ಪರರಿಗೆ ನಷ್ಟ ಮಾಡುವುದೆಂದು ನಾವು ತಿಳಿಯುತ್ತೇವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಾಗೆ ಹೇಳುವುದಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದೇ, ಅದತ್ತಾದಾನವೇ, ಅಲ್ಲಿ ಕಳವು. ರಾಜ್ಯವು ಒಂದು ನಿಬಂಧನೆಯೊಡನೆ ಕೊಟ್ಟದ್ದನ್ನು ನಿಬಂಧನೆ ಬಿಟ್ಟು ತೆಗೆದುಕೊಂಡರೆ ಅದು ಕೊಟ್ಟದ್ದಾಗದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿರುವುದು ವ್ಯಾಪಾರಸ್ಥ ಶ್ರಾವಕರ ಬಾಳನ್ನು ಕಂಡೇ ಇರಬೇಕು. "ಈಕೆ ನನ್ನ ಆಶ್ರಿತೆ" ಎಂದು ಸಹಿ ಮಾಡುವುದು ಲೇಖವೇ. ಆ ಸಹಿಯಿಂದ ತಂಗಿಯ ಅಸಹಾಯಕತೆ ಅಣ್ಣನ ಆದಾಯವಾಗುತ್ತದೆ, ಮೈಮುರಿದು ದುಡಿದವಳ ಹೆಸರು ಯಾವ ಅಂಕಣದಲ್ಲಿಯೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹಿರಿಯೂರಿನಲ್ಲಿ ಒಬ್ಬ ಸದ್ಗೃಹಸ್ಥರು ಮಗನ ಪೋಷಣೆಗಾಗಿ ರಿಯಾಯಿತಿ ಕೇಳಲೊಲ್ಲರು. ಹೆತ್ತವರ ಧರ್ಮಕ್ಕೆ ಕೂಲಿ ಪಡೆದಂತೆ ಎಂಬುದು ಅವರ ಮಾತು. ಇದನ್ನು ನಾನು ಒಪ್ಪಲಾರೆ. ರಿಯಾಯಿತಿ ಕೂಲಿಯಲ್ಲ. ಔಷಧಕ್ಕೂ ದಾದಿಗೂ ಹೋಗಲೇಬೇಕಾದ ಹಣ ನಿಜವಾಗಿ ನಿನ್ನ ಕೈಯಲ್ಲಿ ಉಳಿದುದಲ್ಲ, ಅದರ ಮೇಲೆ ಕರ ಬೇಡ, ಎಂದಷ್ಟೇ ಅದರ ಅರ್ಥ. ಬೇಡವೆಂದರೆ ಅಪರಿಗ್ರಹವಾಗುವುದಿಲ್ಲ, ಆ ಹುಡುಗನ ಪಾಲು ಕಡಿಮೆಯಾಗುತ್ತದೆ. (ಹೊಸದುರ್ಗದ ತೆಂಗಿನ ತೋಟದವರಿಗೆ ಈ ಜಿಜ್ಞಾಸೆಯೇ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ರಿಯಾಯಿತಿಯೂ ಇಲ್ಲ. ಕಡುಬಡವರದೂ ಅದೇ ಸ್ಥಿತಿ, ಆದರೆ ಬೇರೆ ಕಾರಣಕ್ಕೆ.)

ಹಿರಿಯಣ್ಣನಿಗೆ ನಾನು ಹೇಳಿದ್ದಿಷ್ಟು: ಬರೆಯಬೇಕೆಂದಿದ್ದರೆ ಮೊದಲು ಅದನ್ನು ನಿಜ ಮಾಡಿ. ಅವರಿಗೆ ಸಿಟ್ಟು ಬಂತು. ಆ ವರ್ಷ ರಿಯಾಯಿತಿ ಬರೆಯಲಿಲ್ಲ, ನನ್ನೊಡನೆ ಕೆಲ ತಿಂಗಳು ಮಾತೂ ಆಡಲಿಲ್ಲ. ಮರುವರ್ಷ ತಂಗಿಯ ಔಷಧ, ಆಹಾರ, ಬೆಳಗ್ಗೆ ಸಂಜೆ ಬಂದು ನೋಡಿಕೊಳ್ಳುವ ಹೆಂಗಸಿನ ಸಂಬಳ, ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡರು. ಪ್ರಮಾಣಪತ್ರ ಲಗತ್ತಿಸಿ ಸಹಿ ಮಾಡಿದರು. ಉಳಿದ ತೆರಿಗೆಯ ಹಣವನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟರಂತೆ. ಆಕೆ ಬಹಳ ವರ್ಷಗಳ ಮೇಲೆ ನಾಲ್ಕು ದಿನ ತವರಿಗೆ ಹೋಗಿ ಇದ್ದು ಬಂದಳು.