ಕಲ್ಲು ಉಳಿಯಿತು, ನಾರು ಕರಗಿತು

ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಗಾಜಿನ ಕಪಾಟಿನಲ್ಲಿ ಕಲ್ಲಿನ ಕೊಡಲಿಗಳು ಸಾಲಾಗಿ ಕಾಣುತ್ತವೆ. ‘ಆದಿಮಾನವ ಇದರಲ್ಲಿ ಬೇಟೆಯಾಡುತ್ತಿದ್ದ’ ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ. ಕಲ್ಲು ಲಕ್ಷಾಂತರ ವರ್ಷ ಬಾಳುತ್ತದೆ. ಗೆಡ್ಡೆ ಅಗೆಯುವ ಕೋಲು, ಹಣ್ಣು ತುಂಬುವ ಬುಟ್ಟಿ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ನಾರಿನ ಜೋಳಿಗೆ ಕೊಳೆತು ಮಣ್ಣಾಗುತ್ತವೆ. ಉಳಿದದ್ದನ್ನೇ ನಾವು ಇತಿಹಾಸ ಎಂದುಕೊಂಡೆವು.

1976ರಲ್ಲಿ ನ್ಯಾನ್ಸಿ ಟ್ಯಾನರ್ ಮತ್ತು ಏಡ್ರಿಯನ್ ಝಿಲ್‌ಮನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆಯರು ಈ ಲೆಕ್ಕವನ್ನು ಪ್ರಶ್ನಿಸಿದರು. ಕೋತಿಮರಿ ತಾಯಿಯ ರೋಮ ಹಿಡಿದು ಜೋತುಬೀಳುತ್ತದೆ. ಮನುಷ್ಯರ ಕೂಸಿಗೆ ಆ ಅನುಕೂಲವಿಲ್ಲ. ಅದನ್ನು ಹೊತ್ತುಕೊಂಡೇ ತಾಯಿ ಗೆಡ್ಡೆ, ಕಾಯಿ, ಬೀಜ ಆಯಬೇಕು. ಹಾಗಾಗಿ ನಮ್ಮ ಪೂರ್ವಜರ ಮೊದಮೊದಲ ಸಲಕರಣೆಗಳು ಕೋಲು, ಬುಟ್ಟಿ, ಜೋಳಿಗೆಗಳೇ ಇದ್ದಿರಬೇಕು ಎಂಬುದು ಅವರ ವಾದ. ಅಷ್ಟು ಹಳೆಯ ನಾರು ಸಿಗುವುದಿಲ್ಲ. ಅದಕ್ಕಿಂತ ಎಷ್ಟೋ ಈಚಿನದೂ ಅಪರೂಪ. ಫ್ರಾನ್ಸಿನ ಅಬ್ರಿ ದ್ಯು ಮಾರಾ ಎಂಬಲ್ಲಿ ಒಂದು ಹುರಿಯ ತುಣುಕು ದೊರೆತಿದೆ. ಮರದ ಒಳತೊಗಟೆಯ ಮೂರು ಎಳೆ ಹೊಸೆದು ನಿಯಾಂಡರ್ಥಲ್ ಎಂಬ ಪ್ರಾಚೀನ ಮಾನವರು ಮಾಡಿದ್ದು, 40 ಸಾವಿರ ವರ್ಷಕ್ಕೂ ಹಳೆಯದು, ಉದ್ದ ಸುಮಾರು ಆರು ಮಿಲಿಮೀಟರ್. ಅದು ಉಳಿದದ್ದೂ ಕಲ್ಲಿನ ಚಕ್ಕೆಗೆ ಅಂಟಿಕೊಂಡಿದ್ದರಿಂದ!

ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುವ ತಾಂಜಾನಿಯಾದ ಹಾಡ್ಜಾ ಜನರ ನಡುವೆ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಕಂಡದ್ದು ಇನ್ನೊಂದು ಸಂಗತಿ. ಅಲ್ಲಿ ವಯಸ್ಸಾದ ಹೆಂಗಸರು ಚೂಪಾದ ಕೋಲು ಹಿಡಿದು, ಗಟ್ಟಿ ನೆಲ ಅಗೆದು, ಗೆಡ್ಡೆ ತೆಗೆಯುತ್ತಾರೆ. ಮಗಳಿಗೆ ಮತ್ತೊಂದು ಕೂಸು ಹುಟ್ಟಿದಾಗ, ಹಾಲು ಬಿಟ್ಟ ಹಿರಿಯ ಮಗುವಿನ ಮೈ ತುಂಬುವುದು ಅಜ್ಜಿಯ ದುಡಿಮೆಯಿಂದ. ಹೆರುವ ವಯಸ್ಸು ಮುಗಿದ ಮೇಲೂ ಹೆಣ್ಣಿಗೆ ದೀರ್ಘ ಆಯಸ್ಸು ದಕ್ಕಿದ್ದು ಈ ನೆರವಿನ ಫಲ ಎಂದು ಹಾಕ್ಸ್ ಊಹಿಸುತ್ತಾರೆ.

ನಮ್ಮ ಮನೆಗಳಲ್ಲೂ ಮಗಳೋ ಸೊಸೆಯೋ ಕೆಲಸಕ್ಕೆ ಹೊರಟಾಗ ‘ಮಗು ನೋಡಿಕೊಳ್ಳಲು ಅಜ್ಜಿ ಇದ್ದಾರಲ್ಲ’ ಎಂದು ಮಾತು ಮುಗಿಸಿಬಿಡುತ್ತೇವೆ. ಉಣಿಸಿದ ತುತ್ತು, ತಟ್ಟಿ ಮಲಗಿಸಿದ ಮಧ್ಯಾಹ್ನ ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ಕೃತಜ್ಞತೆ ಎಂದರೆ ವರ್ಷಕ್ಕೊಮ್ಮೆ ಹೊಗಳುವುದಲ್ಲ. ‘ನಾಳೆ ನಿಮಗೆ ಆಗುತ್ತದಾ?’ ಎಂದು ಮೊದಲು ಕೇಳುವುದು, ‘ಇಲ್ಲ’ ಎಂದರೆ ಮುಖ ಗಂಟಿಕ್ಕದಿರುವುದು, ಅವರ ಮಂಡಿನೋವಿನ ಚಿಕಿತ್ಸೆಯನ್ನು ಮಗುವಿನ ಪರೀಕ್ಷೆ ಮುಗಿಯಲಿ ಎಂದು ಮುಂದೂಡದಿರುವುದು. ಇಷ್ಟನ್ನು ಇದೇ ವಾರ ಶುರುಮಾಡಬಹುದು.