ಓಲಾಡುವ ಕಪಾಟು

ಪುಸ್ತಕ ಇಡಲು ಒಂದು ಕಪಾಟು ಬೇಕಿತ್ತು. ಬೀದಿ ಕೊನೆಯ ಬಡಗಿ, ಮರದ ಖರ್ಚು ಬಿಟ್ಟು ಕೂಲಿಯೇ ಎರಡು ಸಾವಿರ ಎಂದರು. "ನಾಲ್ಕು ಹಲಗೆಗೆ ಅಷ್ಟಾ?" ಎಂದು ಬಂದುಬಿಟ್ಟೆ. ನನ್ನ ಪಿಎಚ್.ಡಿ. ವಿಷಯ ವಚನಗಳಲ್ಲಿ ಕಾಯಕದ ಕಲ್ಪನೆ. ಇದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಸಿಲ್ವರ್ ಓಕ್ ಹಲಗೆ ತಂದೆ. ಗರಗಸ ಗೆರೆ ಬಿಟ್ಟು ಓಡಿತು. ಎರಡು ಸಲ ಅಳೆದರೂ ಒಂದು ಹಲಗೆ ಗಿಡ್ಡವಾಗಿ, ಮತ್ತೆ ದುಡ್ಡು ಕೊಟ್ಟು ತರಬೇಕಾಯಿತು. ಉಪ್ಪುಕಾಗದ ಉಜ್ಜಿ ಉಜ್ಜಿ ಬೆರಳ ತುದಿ ಸವೆಯಿತು. ಮೂರು ಭಾನುವಾರ ಹೋದವು. ಎದ್ದು ನಿಂತ ಕಪಾಟು ಮುಟ್ಟಿದರೆ ಓಲಾಡುತ್ತಿತ್ತು. ಆದರೂ ಅದನ್ನೇ ನೋಡುತ್ತ ಕೂತೆ. ಸ್ವಂತ ಕೈಯಿಂದ ಮಾಡಿದ್ದಕ್ಕೆ ನಾವು ಹೆಚ್ಚು ಬೆಲೆ ಕಟ್ಟುವುದನ್ನು ಮನಶ್ಶಾಸ್ತ್ರಜ್ಞರು 'ಐಕಿಯಾ ಪರಿಣಾಮ' ಎನ್ನುತ್ತಾರೆ. ನನ್ನನ್ನು ಕಾಡಿದ್ದು ಅದರ ಇನ್ನೊಂದು ಮುಖ: ನನ್ನ ಬೆವರಿಗೆ ಇಷ್ಟು ಬೆಲೆ ಕಟ್ಟುವ ನಾನು ಇನ್ನೊಬ್ಬರ ಬೆವರಿಗೇಕೆ ಚೌಕಾಸಿ ಮಾಡಿದೆ?

ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ, ಬರೀ ಹಲಗೆ ಮತ್ತು ಮೊಳೆಯಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿಗಳ ನಕ್ಷೆ ಪ್ರಕಟಿಸಿದರು. ದುಡ್ಡು ಉಳಿಯಲಿ ಎಂದಲ್ಲ; ಒಮ್ಮೆ ಮಾಡಿ ನೋಡಿದವರು, ಬೇರೆಯವರು ಮಾಡಿದ್ದನ್ನು ಅಳೆಯುವುದನ್ನೂ ಕಲಿಯಲಿ ಎಂದು.

ಕೊನೆಗೆ ಅದೇ ಬಡಗಿಯನ್ನು ಕರೆದೆ. ಒಂದು ಕಣ್ಣು ಮುಚ್ಚಿ ನೋಡಿ, "ಹಿಂದೆ ಓರೆಪಟ್ಟಿ ಹೊಡೆದೇ ಇಲ್ವಲ್ಲ ಸಾರ್" ಎಂದರು. ಐದು ನಿಮಿಷ, ಓಲಾಟ ನಿಂತಿತು. ಇನ್ನೂರು ರೂಪಾಯಿ ಕೇಳಿದರು. ಕೊಟ್ಟೆ. "ಇಷ್ಟಕ್ಕೆ ಇನ್ನೂರಾ" ಎಂಬ ಮಾತು ಮಾತ್ರ ಅಷ್ಟರಲ್ಲೇ ನಾಲಗೆ ತುದಿಗೆ ಬಂದು ನಿಂತಿತ್ತು.