ಬೆಂಕಿ ಬಿದ್ದ ಮನೆಗೆ ಕರ್ಮದ ಮಾತು

ಇಂದಿನ ಧಮ್ಮ ಚಿಂತನೆ, ಫೆಬ್ರವರಿ 7



ಇಂದು ತಾಯಿ ರಮಾಬಾಯಿಯವರ ಜನ್ಮದಿನ. ಅವರು ಹುಟ್ಟಿದ್ದು 1898ರ ಫೆಬ್ರವರಿ 7ರಂದು. ಬೆಳಿಗ್ಗೆ ಐದರಿಂದಲೇ ಗುಂಪಿನಲ್ಲಿ ಫೋಟೊಗಳು, ಶುಭಾಶಯಗಳು ಬರುತ್ತಿವೆ. ಬರಲಿ. ಇವತ್ತು ಬರೆಯುವ ಸರದಿ ನನ್ನದು. ರಮಾಯಿಯವರ ಬಗ್ಗೆಯೇ ಬರೆಯೋಣ ಅಂತ ರಾತ್ರಿ ಕೂತೆ. ಪೆನ್ನು ಬೇರೆ ಕಡೆ ಹೋಯಿತು.

ಕಳೆದ ವಾರ ಗುಡ್ಡದ ಒಣಹುಲ್ಲಿಗೆ ಬಿದ್ದ ಬೆಂಕಿ ಕೆಳಗಿಳಿದು ನಮ್ಮ ಜನರ ನಾಲ್ಕು ಮನೆ ಸುಟ್ಟ ಫೋಟೊಗಳನ್ನು ನೀವೆಲ್ಲ ನೋಡಿದ್ದೀರಿ. ಜೀವಕ್ಕೆ ಅಪಾಯ ಆಗಲಿಲ್ಲ, ಅಷ್ಟೇ ಸಮಾಧಾನ. ಆ ಫೋಟೊಗಳ ಕೆಳಗೆ ನಮ್ಮವರೇ ಒಬ್ಬರು ಒಂದು ಸಾಲು ಹಾಕಿದ್ದರು: 'ಪಾಪ, ಯಾವ ಜನ್ಮದ ಕರ್ಮವೋ.' ಹೆಸರು ಹೇಳುವುದಿಲ್ಲ. ಅವರು ಕೆಟ್ಟವರಲ್ಲ. ಆ ಮನೆಯವರಿಗೆ ಎಲ್ಲರಿಗಿಂತ ಮೊದಲು ಐನೂರು ರೂಪಾಯಿ ಹಾಕಿದವರೂ ಅವರೇ. ಆದರೆ ಆ ಸಾಲು ನನ್ನನ್ನು ಬಿಡುತ್ತಿಲ್ಲ. ಯಾಕೆಂದರೆ ಅದನ್ನು ನಾನು ಮೊದಲ ಸಲ ಕೇಳಿದ್ದು ಬೂದಿಯ ಮೇಲೆ ನಿಂತುಕೊಂಡು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೇರಿಯ ಹದಿನಾಲ್ಕು ಸೋಗೆ ಮನೆಗಳು ಒಂದು ಮಧ್ಯಾಹ್ನ ಸುಟ್ಟುಹೋದವು. ಯುಗಾದಿಗೆ ಹತ್ತು ದಿನ ಇತ್ತು. ಕೇರಿಯ ಹಿಂದಿನ ಗದ್ದೆಯಲ್ಲಿ ಕಬ್ಬು ಕಡಿದು ತರಗಿಗೆ ಬೆಂಕಿ ಹಾಕಿದ್ದರು. ಪ್ರತಿ ವರ್ಷ ಹಾಕುವುದೇ. ಆ ದಿನ ಗಾಳಿ ತಿರುಗಿತು. ಉರಿಯುವ ಗರಿಗಳು ಹಕ್ಕಿಗಳ ಹಾಗೆ ಹಾರಿ ಬಂದು ಮಾಡಿನ ಮೇಲೆ ಕೂತವು. ಒಂದು ಸೋಗೆ ಹತ್ತಿಕೊಂಡರೆ ಪಕ್ಕದ್ದಕ್ಕೆ ಹರಡಲು ಎಷ್ಟು ಹೊತ್ತು? ಅಜ್ಜಿ ಒಳಗೆ ಕಟ್ಟಿದ್ದ ಮೇಕೆ ಬಿಚ್ಚಲು ನುಗ್ಗಿದಳು, ಅವ್ವ ಅವಳನ್ನು ಎಳೆದು ತಂದಳು. ಅವ್ವನ ಎಡಗೈ ಮೇಲೆ ಆ ಗುರುತು ಕೊನೆಯವರೆಗೂ ಇತ್ತು. ಮೇಕೆಗಳು ಉಳಿಯಲಿಲ್ಲ.

ನೀರು ಎಲ್ಲಿತ್ತು? ನಮ್ಮ ಕೇರಿಯ ಬೋರ್‌ವೆಲ್ ಕೆಟ್ಟು ತಿಂಗಳಾಗಿತ್ತು. ಮೇಲಿನ ಬೀದಿಯ ಬಾವಿ ನೂರು ಹೆಜ್ಜೆ. ನಮ್ಮ ಗಂಡಸರು ಬಿಂದಿಗೆ ಹಿಡಿದು ಓಡಿದರು, ಬಾವಿಯ ಕಟ್ಟೆಯ ಹತ್ತಿರ ಹೋಗಿ ನಿಂತರು. ಯಾರೂ ತಡೆಯಲಿಲ್ಲ ಬಂಧುಗಳೇ. ತಡೆಯುವುದಕ್ಕೆ ಅಲ್ಲಿ ಯಾರೂ ಇರಲೂ ಇಲ್ಲ. ಬೆನ್ನ ಹಿಂದೆ ತಮ್ಮ ಮನೆಗಳು ಉರಿಯುತ್ತಿದ್ದರೂ ಕೈ ಹಗ್ಗಕ್ಕೆ ಹೋಗಲಿಲ್ಲ. ಕಡೆಗೆ ಮೇಲಿನ ಬೀದಿಯ ಒಬ್ಬ ಮುದುಕಿಯೇ ಜಗಲಿಯಿಂದ ಕೂಗಿದಳು, 'ಸೇದ್ರಲಾ, ಏನ್ ನೋಡ್ತಾ ನಿಂತಿದ್ದೀರಿ!' ಆಮೇಲೆ ಸೇದಿದರು. ಅಪ್ಪ ಆ ಅರೆಗಳಿಗೆಯ ಬಗ್ಗೆ ನನಗೆ ಹೇಳಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ನಾವು ದೀಕ್ಷೆ ತಗೊಂಡ ವರ್ಷ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಊರಿನ ದೊಡ್ಡವರು ಬಂದು ನೋಡಿ, 'ಎಲ್ಲಾ ಪಡ್ಕೊಂಡು ಬಂದಿದ್ದು' ಅಂದರು. ನಮ್ಮ ಕೇರಿಯವರೇ ಮಾರಮ್ಮನ ಮುನಿಸು ಅಂದರು. ಹಿಂದಿನ ವರ್ಷ ಹಬ್ಬ ಸರಿಯಾಗಿ ಮಾಡಿರಲಿಲ್ಲವಂತೆ. ಸರ್ಕಾರದ ಪರಿಹಾರ ಬರೆಸಿಕೊಳ್ಳಲು ಹೋದರೆ ರೇಷನ್ ಕಾರ್ಡ್ ತೋರಿಸಿ ಅಂದರು. ಕಾರ್ಡ್ ಮನೆಯ ಜೊತೆ ಸುಟ್ಟಿದೆ ಸ್ವಾಮಿ ಅಂದರೆ, ಸುಟ್ಟಿದೆ ಅನ್ನುವುದಕ್ಕೆ ಏನು ದಾಖಲೆ ಅಂತ ಕೇಳಿದರು. ಹೇಗೋ ಬಂದ ಅಷ್ಟು ಇಷ್ಟು ದುಡ್ಡಿನಲ್ಲಿ ಮೊದಲು ಕೊಂಡಿದ್ದು ಏನು ಗೊತ್ತೇ? ಮಾರಮ್ಮನಿಗೆ ಕಡಿಯಲು ಒಂದು ಟಗರು. ಸೋಗೆಯ ಮಾಡಿಗೆ ಮತ್ತೆ ಸೋಗೆಯೇ ಬಂತು. ಮುಂದಿನ ವರ್ಷ ಅದೇ ಗದ್ದೆಯಲ್ಲಿ ತರಗಿಗೆ ಮತ್ತೆ ಬೆಂಕಿ ಹಾಕಿದರು. ಅವತ್ತು ಗಾಳಿ ಬೇರೆ ಕಡೆ ಇತ್ತು, ಬದುಕಿದೆವು.

ಕಾರಣ ತಪ್ಪು ಹೇಳಿದರೆ ಮದ್ದೂ ತಪ್ಪಾಗುತ್ತದೆ. ಇದು ನನಗೆ ಪುಸ್ತಕ ಹೇಳಿಕೊಟ್ಟಿದ್ದಲ್ಲ.

ಈಗ ಇನ್ನೊಂದು ಫೆಬ್ರವರಿ 7. ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನದವರು ರಜೆ ಹಾಕಿದ ಒಂದು ದಿನ ಆಸ್ಟ್ರೇಲಿಯಾ ಖಂಡದ ಪಾಠ ಕನ್ನಡ ಮೇಷ್ಟ್ರ ತಲೆಗೆ ಬಿತ್ತು. ಹುಡುಗನೊಬ್ಬ ಅಲ್ಲಿನ ಕಾಡ್ಗಿಚ್ಚಿನ ಬಗ್ಗೆ ಕೇಳಿದ, ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದಲು ಶುರು ಮಾಡಿದವನು ನಿಲ್ಲಿಸಲಿಲ್ಲ. 2009ರ ಫೆಬ್ರವರಿ 7, ಶನಿವಾರ. ವಿಕ್ಟೋರಿಯಾ ರಾಜ್ಯ. ಅಲ್ಲಿಯ ಜನ ಅದನ್ನು ಕಪ್ಪು ಶನಿವಾರ ಅನ್ನುತ್ತಾರೆ. ಹತ್ತು ವರ್ಷಕ್ಕೂ ಮೀರಿದ ಬರ. ಆ ದಿನ ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಬಿಸಿಲು. ಗಂಟೆಗೆ ನೂರು ಕಿಲೋಮೀಟರ್ ದಾಟಿದ ಬಿರುಗಾಳಿ. ಮಧ್ಯಾಹ್ನ ಹನ್ನೆರಡು ಆಗುವುದಕ್ಕೆ ಸ್ವಲ್ಪ ಮುಂಚೆ ಕಿಲ್ಮೋರ್ ಈಸ್ಟ್ ಎಂಬಲ್ಲಿ ಹಳೆಯದೊಂದು ವಿದ್ಯುತ್ ತಂತಿ ಹರಿದು ಕಿಡಿ ಬಿತ್ತು. ಸಂಜೆ ಗಾಳಿ ದಿಕ್ಕು ಬದಲಿಸಿತು. ಆಗ ಉದ್ದಕ್ಕೆ ಹರಡಿದ್ದ ಬೆಂಕಿಯ ಪಕ್ಕೆಯೇ ಅದರ ಮುಂಭಾಗವಾಯಿತು. ಆ ಒಂದು ಬೆಂಕಿಗೇ 119 ಜನ ಬಲಿಯಾದರು. ಬೇರೆ ಕಡೆಯೂ ಬೆಂಕಿ ಎದ್ದಿತ್ತು, ಅವುಗಳಲ್ಲಿ ಕೆಲವು ಮನುಷ್ಯರೇ ಬೇಕೆಂದು ಹಚ್ಚಿದ್ದು. ಒಟ್ಟು 173 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಮನೆ ಹೋದವು. ಮೇರೀಸ್‌ವಿಲ್ ಎಂಬ ಪುಟ್ಟ ಊರು ಹೆಚ್ಚುಕಡಿಮೆ ಇಲ್ಲವಾಯಿತು.

ಆಮೇಲೆ ಅವರು ಮಾಡಿದ್ದು ನನ್ನನ್ನು ಹಿಡಿದು ನಿಲ್ಲಿಸಿತು. ರಾಯಲ್ ಕಮಿಷನ್ ಕೂರಿಸಿದರು. 155 ದಿನ ವಿಚಾರಣೆ, 434 ಸಾಕ್ಷಿಗಳು. ಸತ್ತ 173 ಜನರಲ್ಲಿ ಒಬ್ಬೊಬ್ಬರೂ ಎಲ್ಲಿದ್ದರು, ಏನು ಮಾಡುತ್ತಿದ್ದರು, ಹೇಗೆ ಸತ್ತರು ಅಂತ ಕೇಳಿದರು. ಅವರಲ್ಲಿ 113 ಜನ ಮನೆಯೊಳಗೇ ಸತ್ತಿದ್ದರು. ಅಲ್ಲಿಯವರೆಗೆ ಸರ್ಕಾರ ಹೇಳುತ್ತಿದ್ದದ್ದು, ಒಂದೋ ಬೇಗ ಹೊರಟುಬಿಡಿ, ಇಲ್ಲವೇ ಸಿದ್ಧತೆ ಮಾಡಿಕೊಂಡು ಮನೆಯಲ್ಲೇ ನಿಂತು ಕಾಪಾಡಿಕೊಳ್ಳಿ ಎಂದು. ಆ ಬುದ್ಧಿವಾದ ಅಂಥ ದಿನಕ್ಕೆ ಸಾಲದು ಅಂತ ಬಯಲಾಯಿತು. ಅತಿ ಭೀಕರ ದಿನ ಎಂಬ ಹೊಸ ಎಚ್ಚರಿಕೆ ಬಂತು, ಆ ದಿನ ಉಳಿಯುವ ದಾರಿ ಮೊದಲೇ ಊರು ಬಿಡುವುದು. 2010ರ ಜುಲೈನಲ್ಲಿ ವರದಿ ಕೊಟ್ಟರು, 67 ಶಿಫಾರಸು. ತಂತಿ ಹರಿದ ಮೊಕದ್ದಮೆ 2014ರಲ್ಲಿ ಸುಮಾರು 49 ಕೋಟಿ ಡಾಲರಿಗೆ ರಾಜಿಯಾಯಿತು.

ಶ್ರೀಮಂತ ದೇಶ, ಮಾಡುತ್ತಾರೆ ಬಿಡಿ ಅನ್ನಬಹುದು. ಸರಿ. ಆದರೆ ಕೇಳುವುದಕ್ಕೆ ದುಡ್ಡು ಬೇಡ. ನಮ್ಮ ಹದಿನಾಲ್ಕು ಮನೆಗಳ ವಿಷಯದಲ್ಲಿ ಬೋರ್‌ವೆಲ್ ಯಾಕೆ ಕೆಟ್ಟು ನಿಂತಿತ್ತು ಅಂತ ಒಬ್ಬರೂ ಕೇಳಲಿಲ್ಲ. ಕರ್ಮ ಅಂದಮೇಲೆ ಕೇಳುವುದೇನು?

ಭಗವಾನ್ ಬುದ್ಧರು ಈ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದಾರೆ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕನ ಪ್ರಸಂಗ ಬರುತ್ತದೆ. ರಾಜಗೃಹದ ವೇಳುವನಕ್ಕೆ ಬಂದು ಅವನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರೆ, ತಾವು ಏನನ್ನುತ್ತೀರಿ? ಬುದ್ಧರು ಒಂದೊಂದಾಗಿ ಎಣಿಸುತ್ತಾರೆ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ, ವಾತದಿಂದ, ಮೂರೂ ಸೇರಿ ಬರುತ್ತದೆ. ಋತು ಬದಲಾಗಿ ಬರುತ್ತದೆ. ಎಚ್ಚರಿಕೆಯಿಲ್ಲದ ನಡವಳಿಕೆಯಿಂದ ಬರುತ್ತದೆ. ಇನ್ನೊಬ್ಬರ ಹಲ್ಲೆಯಿಂದ ಬರುತ್ತದೆ. ಕಮ್ಮಫಲ ಎಂಬುದು ಆ ಪಟ್ಟಿಯಲ್ಲಿ ಎಂಟನೆಯದು. ಎಲ್ಲವೂ ಹಿಂದಿನ ಕರ್ಮ ಎನ್ನುವವರು ತಮಗೂ ಲೋಕಕ್ಕೂ ಕಣ್ಣೆದುರೇ ಗೊತ್ತಿರುವುದನ್ನು ಮೀರಿ ಮಾತಾಡುತ್ತಾರೆ, ಅದು ತಪ್ಪು ಎನ್ನುತ್ತಾರೆ ಭಗವಾನರು.

ಆ ಪಟ್ಟಿಯನ್ನು ಕಪ್ಪು ಶನಿವಾರದ ಪಕ್ಕ ಇಟ್ಟು ನೋಡಿ. ಬರ, 46 ಡಿಗ್ರಿ ಬಿಸಿಲು: ಋತು. ಸವೆದ ತಂತಿ: ಎಚ್ಚರಿಕೆಯಿಲ್ಲದ ನಡವಳಿಕೆ. ಬೇಕೆಂದೇ ಹಚ್ಚಿದ ಬೆಂಕಿ: ಹಲ್ಲೆ. ಎರಡೂವರೆ ಸಾವಿರ ವರ್ಷದ ಹಿಂದೆ ವೇಳುವನದಲ್ಲಿ ಹೇಳಿದ್ದು ಒಂದು ಕಮಿಷನ್ ವರದಿಯ ಅಧ್ಯಾಯಗಳ ಹಾಗಿದೆ. ನಮ್ಮ ಕೇರಿಯನ್ನೂ ಇಟ್ಟು ನೋಡಿದೆ. ಬೇಸಿಗೆಯ ಗಾಳಿ ಇತ್ತು. ತರಗಿನ ಬೆಂಕಿ, ಕೆಟ್ಟ ಬೋರ್‌ವೆಲ್ ಇತ್ತು. ಬಾವಿಯ ಕಟ್ಟೆಯಲ್ಲಿ ನಿಂತ ಆ ಅರೆಗಳಿಗೆಯನ್ನು ಮಾತ್ರ ಎಲ್ಲಿ ಇಡಬೇಕೆಂದು ಬಹಳ ದಿನ ತಿಳಿಯಲಿಲ್ಲ. ಈಗ ನಾನು ಅದನ್ನು ಹಲ್ಲೆಯ ಪಕ್ಕವೇ ಇಡುತ್ತೇನೆ. ಯಾರೂ ಕೈ ಎತ್ತಿರಲಿಲ್ಲ ನಿಜ. ಎಷ್ಟೋ ತಲೆಮಾರಿನ ಹಿಂದೆ ಎತ್ತಿದ ಕೈ ಅದು. 1927ರ ಮಾರ್ಚ್ 20ರಂದು ಮಹಾಡ್‌ನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಬಾಯಾರಿಕೆಗಲ್ಲ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ನನಗೆ ಆ ಬಾವಿಯೇ ಕಾಣುತ್ತದೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದ ಸಿದ್ಧಾಂತವನ್ನು ಬುದ್ಧರದಲ್ಲ ಎಂದು ತಳ್ಳಿಹಾಕುತ್ತಾರೆ. ಬಡವರ, ಕೆಳಗೆ ತುಳಿದಿಟ್ಟವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರದೆ ಜಾರಿಕೊಳ್ಳಲು ಅದು ಅನುಕೂಲ ಮಾಡಿಕೊಡುತ್ತದೆ ಎನ್ನುತ್ತಾರೆ. ನಾವು ಇಪ್ಪತ್ತೆರಡು ಪ್ರತಿಜ್ಞೆ ಹೇಳಿಬಂದವರು. ಆದರೂ ಬೆಂಕಿ ಕಂಡ ತಕ್ಷಣ ನಾಲಿಗೆಗೆ ಮೊದಲು ಬರುವುದು ಹಳೆಯ ಮಾತೇ. ಬರೆದ ಬಂಧುವಿಗೆ ಮಾತ್ರ ಹೇಳುತ್ತಿಲ್ಲ. ಕಳೆದ ವರ್ಷ ನನ್ನ ಬೈಕು ಕಳುವಾದಾಗ ನನ್ನ ಬಾಯಲ್ಲೂ 'ನನ್ನ ಗ್ರಹಚಾರ' ಅಂತಲೇ ಬಂತು.

ಬೆಂಕಿ ಅಂದರೆ ನಮ್ಮ ಪ್ರವಚನಗಳಲ್ಲಿ ಆದಿತ್ತ ಪರಿಯಾಯ ಸುತ್ತ ಬರಲೇಬೇಕು. ಗಯಾಸೀಸದಲ್ಲಿ, ಅಗ್ನಿಪೂಜೆ ಬಿಟ್ಟು ಬಂದ ಸಾವಿರ ಜಟಿಲರಿಗೆ, ಕಣ್ಣು ಉರಿಯುತ್ತಿದೆ, ಕಿವಿ ಉರಿಯುತ್ತಿದೆ, ರಾಗ ದ್ವೇಷ ಮೋಹಗಳಿಂದ ಎಲ್ಲವೂ ಉರಿಯುತ್ತಿದೆ ಎಂದು ಬುದ್ಧರು ಬೋಧಿಸಿದ್ದು. ದೊಡ್ಡ ಸುತ್ತ. ಆದರೆ ಮನೆ ಸುಟ್ಟವರ ಮುಂದೆ ಹೋಗಿ, ನಿಜವಾದ ಬೆಂಕಿ ಒಳಗಿನದು ಎನ್ನುವುದು ನನ್ನಿಂದಾಗದು. ಅವರ ಪಾತ್ರೆ ಕರಗಿದ್ದು ಹೊರಗಿನ ಬೆಂಕಿಗೆ.

ಅಂಥವರ ಮುಂದೆ ಏನು ಮಾಡಬೇಕೆಂಬುದು ಪಟಾಚಾರಾಳ ಕಥೆಯಲ್ಲಿದೆ. ಗಂಡ ಹಾವು ಕಚ್ಚಿ ಸತ್ತ. ಹಸುಗೂಸನ್ನು ಗಿಡುಗ ಎತ್ತಿಕೊಂಡು ಹೋಯಿತು, ದೊಡ್ಡ ಮಗ ಹೊಳೆಯಲ್ಲಿ ಹೋದ. ತವರಿನ ದಾರಿಯಲ್ಲಿ ಎದುರಾದವನನ್ನು ಅಪ್ಪ ಅಮ್ಮನ ಬಗ್ಗೆ ಕೇಳಿದರೆ, ರಾತ್ರಿಯ ಮಳೆಗೆ ಮನೆ ಕುಸಿದು ಅಪ್ಪ, ಅಮ್ಮ, ಅಣ್ಣ ಮೂವರೂ ಹೋದರು, ಅಗೋ ಅವರ ಚಿತೆಯ ಹೊಗೆ ಎಂದು ತೋರಿಸಿದ. ಮೈಮೇಲಿನ ಬಟ್ಟೆ ಜಾರಿದ್ದೂ ತಿಳಿಯದೆ ಅಲೆದಳು. ಜನ ಹುಚ್ಚಿ ಎಂದು ಓಡಿಸಿದರು. ಜೇತವನದಲ್ಲೂ ತಡೆಯಲು ಬಂದವರಿದ್ದರು. ಬುದ್ಧರು ಬರಲು ಬಿಡಿ ಎಂದು, 'ತಂಗಿ' ಎಂದು ಕರೆದು, ಎಚ್ಚರ ತಂದುಕೋ ಎಂದರು. ಆಗ ಅಲ್ಲಿದ್ದ ಒಬ್ಬ ತನ್ನ ಮೇಲುವಸ್ತ್ರ ತೆಗೆದು ಅವಳತ್ತ ಎಸೆದ. ಅವಳು ಅದನ್ನು ಉಟ್ಟುಕೊಂಡಳು. ಧಮ್ಮದ ಮಾತು ಬಂದಿದ್ದು ಅದಾದ ಮೇಲೆ. ಮೊದಲು ಮನುಷ್ಯಳೆಂದು ಕರೆದ ಮಾತು, ಆಮೇಲೆ ಬಟ್ಟೆ, ಆಮೇಲೆ ಧಮ್ಮ. ಬಟ್ಟೆ ಎಸೆದವನ ಹೆಸರನ್ನು ಕಥೆ ಹೇಳುವುದಿಲ್ಲ.

ನನಗೂ ಅಂಥವರೊಬ್ಬರು ಸಿಕ್ಕಿದ್ದರು. ಬೆಂಕಿ ಬಿದ್ದ ಮೂರನೇ ದಿನ ನಮ್ಮ ಕ್ಲಾಸಿನ ಟೀಚರ್ ಏನೂ ಮಾತಾಡದೆ ಆರು ನೋಟ್‌ಬುಕ್ ಕೊಟ್ಟು, ಕಪ್ಪು ಹಲಗೆಯ ಮೇಲಿನ ಪದ್ಯ ಬರಕೋ ಅಂದರು. ನಾನು ಕನ್ನಡ ಎಂ.ಎ. ಮಾಡಿದ್ದರ ಹಿಂದೆ ಆ ನೋಟ್‌ಬುಕ್ಕುಗಳಿವೆ.

ಚೇತರಿಕೆ ಬೇಗ ಆಗುವುದಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಕಪ್ಪು ಶನಿವಾರದಲ್ಲಿ ಬದುಕಿದವರನ್ನು ಹತ್ತು ವರ್ಷದವರೆಗೆ ಮಾತಾಡಿಸುತ್ತ ಹೋದರು. ಹೆಚ್ಚಿನವರು ನಿಧಾನಕ್ಕೆ ಎದ್ದು ನಿಂತರು, ಎಷ್ಟೋ ವರ್ಷವಾದರೂ ಮನಸ್ಸಿನ ಗಾಯ ಆರದವರೂ ಇದ್ದರು. ಊರಿನ ಸಂಘದಲ್ಲೋ ಗುಂಪಿನಲ್ಲೋ ಸೇರಿದ್ದವರ ಮನಸ್ಸು ಹೆಚ್ಚು ಗಟ್ಟಿಯಾಗಿತ್ತು. ಹೆಚ್ಚು ಸುಟ್ಟ ಪ್ರದೇಶಗಳಲ್ಲಿ ಹೆಂಗಸರ ಮೇಲಿನ ಹಿಂಸೆಯೂ ಹೆಚ್ಚಿತ್ತು, ಇದನ್ನು ನಮ್ಮ ಗಂಡಸರು ಗಮನಿಸಬೇಕು. ನನ್ನಪ್ಪ ಸಾಯುವವರೆಗೂ ಪ್ರತಿ ಬೇಸಿಗೆ ರಾತ್ರಿ ಎದ್ದು ಹೊರಗೆ ಬಂದು ಗಾಳಿ ಮೂಸುತ್ತಿದ್ದರು. ಈಗ ಆರ್‌ಸಿಸಿ ಮನೆಯಲ್ಲಿ ನಾನೂ ಏಳುತ್ತೇನೆ.

ಅಲ್ಲಿಯ ಕಾಡಿನಲ್ಲಿ ಎರಡು ತರಹದ ನೀಲಗಿರಿ ಮರಗಳಿವೆಯಂತೆ. ಹೆಚ್ಚಿನವು ಸುಟ್ಟ ಕೆಲವು ವಾರಕ್ಕೆ ಕಾಂಡದ ಮೇಲೇ ಚಿಗುರುತ್ತವೆ. ಮೌಂಟನ್ ಆಶ್ ಎಂಬ ಎತ್ತರದ ಜಾತಿ ಹಾಗಲ್ಲ, ಜೋರು ಬೆಂಕಿಗೆ ಸತ್ತೇ ಹೋಗುತ್ತದೆ. ಬೂದಿಗೆ ಉದುರಿದ ಅದರ ಬೀಜ ಮೊಳೆಯುತ್ತದೆ, ಆ ಸಸಿ ಬೆಳೆದು ಬೀಜ ಬಿಡಲು ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಇನ್ನೊಮ್ಮೆ ಬೆಂಕಿ ಬಿದ್ದರೆ ಆ ಕಾಡೇ ಹೋಯಿತು. ಸುಟ್ಟ ಮನೆಗಳಲ್ಲೂ ಎರಡು ತರಹದವರು ಇರುತ್ತಾರೆ. ನಾಳೆಯೇ ಚಿಗುರಲಿ ಎಂದು ಎಲ್ಲರನ್ನೂ ಅವಸರಪಡಿಸಬಾರದು.

ರಮಾಯಿಯವರು ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟರು. ಬಾಬಾಸಾಹೇಬರು ಪಾಕಿಸ್ತಾನ ಕುರಿತ ತಮ್ಮ ಗ್ರಂಥವನ್ನು ಅವರ ನೆನಪಿಗೆ ಅರ್ಪಿಸಿದರು. ಅದರಲ್ಲಿ ಅವರ ಒಳ್ಳೆಯತನ, ತಮ್ಮ ಜೊತೆ ಕಷ್ಟ ಉಂಡ ಸೈರಣೆ ನೆನೆದಿದ್ದಾರೆ. ಹಣೆಬರಹದ ಮಾತು ಅಲ್ಲಿಲ್ಲ.

ಆ ನಾಲ್ಕು ಮನೆಗೆ ನಿನ್ನೆ ಹೋಗಿದ್ದೆ. ಬಟ್ಟೆ ಸಾಕಷ್ಟು ಬಂದಿದೆ, ಇನ್ನು ಹಳೆ ಬಟ್ಟೆ ಕಳಿಸಬೇಡಿ. ಬೇಕಾಗಿರುವುದು: ನಾಲ್ಕು ಒಲೆ, ಪಾತ್ರೆ, ಎಂಟನೇ ಕ್ಲಾಸಿನ ಹುಡುಗಿಗೆ ಪುಸ್ತಕಗಳು, ಹತ್ತನೇ ಕ್ಲಾಸಿನ ಹುಡುಗನಿಗೆ ಪರೀಕ್ಷೆಯವರೆಗೆ ಓದಲು ಒಂದು ಜಾಗ. ಆಧಾರ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಮತ್ತೆ ತೆಗೆಸಲು ಜೊತೆಗೆ ಓಡಾಡುವ ಇಬ್ಬರು ಬೇಕು, ಕಚೇರಿ ಕೆಲಸ ಗೊತ್ತಿರುವವರು ನನಗೆ ಫೋನ್ ಮಾಡಿ. ಗುಡ್ಡದ ಕಡೆ ಬೆಂಕಿ ರೇಖೆ ಈ ವರ್ಷ ಯಾಕೆ ತೆಗೆದಿರಲಿಲ್ಲ ಎಂದು ಕೇಳುವ ಅರ್ಜಿಯನ್ನೂ ಬರೆದಿದ್ದೇನೆ. ಭಾನುವಾರ ವಂದನೆ ಮುಗಿದ ಮೇಲೆ ಓದುತ್ತೇನೆ, ತಿದ್ದಿ ಸಹಿ ಹಾಕಿ. ಎಂಟೂವರೆಗೆ ವಿಹಾರದ ಮುಂದಿನಿಂದ ಟೆಂಪೊ ಹೊರಡುತ್ತದೆ.

ನಮೋ ಬುದ್ಧಾಯ. ಜೈ ಭೀಮ್.